ಬೀರುವಿನೊಳಗಿನ ಡ್ರೈವರುಗಳು

“ಲೇ ಕವಿತಾ, ಅದೇನು ನಿಮ್ಮವ್ವನ ಸೀರೆ ಒಣಗಾಕ್ತಿದೀಯೇನೇ? ಎಳಿಯೇ ಹಗ್ಗಾನ! ತಿಕದಲ್ಲಿರೋ ಬಲಾನೆಲ್ಲಾ ಕೈಗೆ ತಕಂಬಾ!”

ನೆಲಮಂಗಲದ ಯಾರ್ಡಿನಲ್ಲಿ ಬೇವಿನ ಮರದ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ಗುಮಾಸ್ತ ಅಪ್ಪಯ್ಯಣ್ಣ, ಎಲೆಅಡಿಕೆ ತುಂಬಿದ ಬಾಯಲ್ಲೇ ಕೂಗುತ್ತಿದ್ದ. ಬಿಸಿಲು ನೆತ್ತಿಗೆ ಬಂದಿತ್ತು. ಲಾರಿಯ ತುಂಬ ಪಶು ಆಹಾರದ ಮೂಟೆ. ಮೇಲೆ ನಾಸಿರ್ ನಿಂತು ಟಾರ್ಪಾಲಿನ ಮಡಿಕೆ ಬಿಡಿಸುತ್ತಿದ್ದ, ಕೆಳಗೆ ಕವಿತ ಹಗ್ಗ ಎಳೆಯುತ್ತಿದ್ದಳು. ಇಬ್ಬರೂ ಡ್ರೈವರುಗಳೇ. ಹಗ್ಗ ಕಟ್ಟುವುದು ಕ್ಲೀನರ್ ಕೆಲಸ. ಆದರೆ ಮೊದಲನೇ ವರ್ಷದ ಡ್ರೈವರುಗಳಿಗೆ ಈ ಯಾರ್ಡಿನಲ್ಲಿ ಕ್ಲೀನರ್ ಕೊಡುತ್ತಿರಲಿಲ್ಲ.

“ನಿಮ್ಮ ಬಾಯಲ್ಲಿರೋ ಬಲ ಒಂಚೂರು ಸಾಲ ಕೊಡಿ ಅಪ್ಪಯ್ಯಣ್ಣ, ಹಗ್ಗ ತಾನೇ ಬಿಗಿಯಾಗ್ತದೆ,” ಎಂದಳು ಕವಿತ.

ಮೇಲಿನಿಂದ ನಾಸಿರ್ ನಕ್ಕ. “ಅರೆ, ಹಗ್ಗದ ಜೊತೆ ಹುಷಾರಮ್ಮಾ. ಇದು ನಮ್ಮಜ್ಜನ ಕಾಲದ್ದು. ಹೊಸದು ತರ್ಸಿ ಅಂತ ಎರಡು ಸಲ ಹೇಳಿದೀನಿ ಈ ಮಹಾತ್ಮಂಗೆ.”

“ನಿಮ್ಮಜ್ಜ ಇನ್ನೂ ಗಟ್ಟಿಯಾಗವ್ನೆ, ಎಳಿರೋ ಮುಂಡೇವಾ!” ಅಂದ ಅಪ್ಪಯ್ಯಣ್ಣ.

ನಾಸಿರ್ ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡು, ಮೂಟೆಗೆ ಕಾಲು ಕೊಟ್ಟು, ಮೈಯನ್ನೆಲ್ಲ ಹಿಂದಕ್ಕೆ ಹಾಕಿ ಎಳೆದ. ಹಗ್ಗ ಸದ್ದೇ ಇಲ್ಲದೆ ತುಂಡಾಯಿತು. ನಾಸಿರ್ ಅಷ್ಟೆತ್ತರದಿಂದ ಬೆನ್ನು ಮುಂದಾಗಿ ಬಂದವನು ಗಾಳಿಯಲ್ಲೇ ತಿರುಗಿ, ಚಕ್ರಕ್ಕೆ ಅಡ್ಡ ಇಟ್ಟಿದ್ದ ದಿಮ್ಮಿಗಲ್ಲಿನ ಮೇಲೆ ಎಡಗಾಲು ಕೊಟ್ಟು ಬಿದ್ದ. ಸದ್ದು ಬಂದದ್ದು ಆಗ.

ಕವಿತ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಪ್ಯಾಂಟಿನೊಳಗೆ ಕಾಲು ಇರಬಾರದ ದಿಕ್ಕಿಗೆ ತಿರುಗಿತ್ತು. ಅಪ್ಪಯ್ಯಣ್ಣ ಮಾಲೀಕ ವೇಣುಗೋಪಾಲನಿಗೆ ಫೋನು ಹಚ್ಚಿದ. ಲೌಡ್‌ಸ್ಪೀಕರಿನಲ್ಲಿ ಉತ್ತರ ಎಲ್ಲರಿಗೂ ಕೇಳಿಸಿತು.

“ಲೋಡು? ಲೋಡಿಗೆ ಏನಾರ ಆಯ್ತೇನೋ?”

ಲೋಡಿಗೆ ಏನೂ ಆಗಿರಲಿಲ್ಲ.

* * *

ಕವಿತ ಕುಂದಾಣದ ಕಾಲೋನಿಯವಳು. ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸಿನಲ್ಲಿ ಆರು ವರ್ಷ ಅಂಗಿಗಳಿಗೆ ಕಾಲರ್ ಹೊಲಿದು ಹೊಲಿದು, ಮನುಷ್ಯರನ್ನು ಕಂಡರೆ ಮೊದಲು ಕತ್ತು ನೋಡುವ ರೋಗ ಬಂದಿತ್ತು. ಅವಳು ಬಾತ್‌ರೂಮಿಗೆ ಹೋದರೂ ಸೂಪರ್‌ವೈಸರ್ ಒಬ್ಬ ಗಡಿಯಾರ ನೋಡುತ್ತಿದ್ದ. ಒಂದು ದಿನ ಅವಳು, “ಒಳಗ್ ಬಂದು ಎಣಿಸ್ಕಳ್ರೀ,” ಎಂದು ಕತ್ತರಿ ಇಟ್ಟು ಹೊರಬಂದಳು. ಸರ್ಕಾರದ ಪುಕ್ಕಟೆ ತರಬೇತಿಗೆ ಸೇರಿ, ಮೊದಲು ಕಾರು, ಆಮೇಲೆ ಲಾರಿ ಕಲಿತು, ಹೆವಿ ಲೈಸೆನ್ಸು ತೆಗೆದಳು. ತೆಗೆದ ಮೇಲೆ ಗೊತ್ತಾಯಿತು, ಹೊಸ ಲೈಸೆನ್ಸಿನವರಿಗೆ ಯಾರೂ ಲಾರಿ ಕೊಡುವುದಿಲ್ಲ, ಹೆಂಗಸಿಗಂತೂ ಟೈರು ಮುಟ್ಟಲೂ ಬಿಡುವುದಿಲ್ಲ.

ಕೊಟ್ಟವನು ವೇಣುಗೋಪಾಲ. ಅದೇ ಕುಂದಾಣದ ಗೌಡರ ಮಗ. ವಿಮಾನ ನಿಲ್ದಾಣದ ಕಡೆ ಇದ್ದ ದ್ರಾಕ್ಷಿ ತೋಟವನ್ನು ಲೇಔಟಿನವರಿಗೆ ಮಾರಿ ಎಂಟು ಲಾರಿ ತೆಗೆದುಕೊಂಡಿದ್ದ. ತೋಟ ಹೋಗಿತ್ತು, ತೋಟದ ಕಾನೂನು ಹಾಗೇ ಇತ್ತು.

“ಮೊದಲನೇ ವರ್ಷ ಟ್ರೈನಿಂಗು ಕಣಮ್ಮ,” ಎಂದಿದ್ದ. “ಒಂಬತ್ತು ಸಾವಿರ ಕೊಡ್ತೀನಿ, ಊಟದ ಬಾಟಾ ಬೇರೆ. ವರ್ಷ ಮುಗೀಲಿ, ಇಪ್ಪತ್ತು. ಒರಿಜಿನಲ್ ಲೈಸೆನ್ಸ್ ಮಾತ್ರ ನನ್ಹತ್ರ ಇರ್ಲಿ. ನೀವು ಕಲ್ತ ಮೇಲೆ ಬೇರೆಯೋರ ಹತ್ರ ಓಡೋಗ್ತೀರ, ನಂಗೊತ್ತಿಲ್ವಾ?”

ಕವಿತನ ಕೈಯಲ್ಲಿ ಉಳಿದದ್ದು ಲ್ಯಾಮಿನೇಷನ್ ಮಾಡಿಸಿದ ಜೆರಾಕ್ಸು. ಅಸಲಿ ಕಾರ್ಡು ಆಫೀಸಿನ ಸ್ಟೀಲ್ ಬೀರು ಸೇರಿತು. ಬೀರುವಿನ ಬೀಗದಕೈ ವೇಣುಗೋಪಾಲನ ಉಡಿದಾರದಲ್ಲಿ.

ಆ ಟ್ರೈನಿಂಗು ಮುಗಿಯುವುದು ಹೇಗೆಂದು ಯಾರಿಗೂ ತಿಳಿದಿರಲಿಲ್ಲ. ಹತ್ತೋ ಹನ್ನೊಂದೋ ತಿಂಗಳಾಗುವಾಗ ಬಂಪರಿನಲ್ಲಿ ಒಂದು ಗೀರು ಸಿಗುತ್ತಿತ್ತು, ಇಲ್ಲವೇ ಡೀಸೆಲ್ ಎರಡು ಲೀಟರ್ ಕಮ್ಮಿ ಬರುತ್ತಿತ್ತು. “ನಿಂಗಿನ್ನೂ ಕೈ ಕುದುರಿಲ್ಲ,” ಎಂದು ವೇಣುಗೋಪಾಲ ವರ್ಷವನ್ನು ಮತ್ತೆ ಒಂದನೇ ತಿಂಗಳಿನಿಂದ ಶುರು ಮಾಡುತ್ತಿದ್ದ. ಹೊಸಕೋಟೆಯ ಹೈದರ್ ಎಂಬ ಹುಡುಗ ಮೂರು ವರ್ಷದಿಂದ ಮೊದಲನೇ ವರ್ಷದಲ್ಲೇ ಇದ್ದ. ಅವನ ಮದುವೆಯಾಗಿ ಮಗುವಿಗೆ ಹಲ್ಲು ಬಂದರೂ ಅವನ ಟ್ರೈನಿಂಗ್ ಮುಗಿದಿರಲಿಲ್ಲ.

ನಾಸಿರನಿಗೆ ಹತ್ತು ತಿಂಗಳಾಗಿತ್ತು. ದೊಡ್ಡಬಳ್ಳಾಪುರದಲ್ಲಿ ಮಗ್ಗ ಓಡಿಸುತ್ತಿದ್ದವನು. ಮಗ್ಗ ಗುಜರಿಗೆ ಹೋದ ಮೇಲೆ ಮೂವತ್ತೆಂಟರ ವಯಸ್ಸಿನಲ್ಲಿ ಲಾರಿ ಕಲಿತವನು. ಕವಿತನ ಮೊದಲ ಟ್ರಿಪ್ಪುಗಳಲ್ಲಿ ಜೊತೆಗೆ ಬಂದವನೂ ಅವನೇ. ಹೆದ್ದಾರಿಯಲ್ಲಿ ಅವಳಿಗೆ ಮೂತ್ರಕ್ಕೆ ಅರ್ಜೆಂಟಾದರೆ ಢಾಬಾದ ಮುಂದೆ ಲಾರಿ ನಿಲ್ಲಿಸಿ, ಮಾಲೀಕನಿಗೆ, “ನಮ್ ಮೇಡಮ್ಮು ಇನ್‌ಸ್ಪೆಕ್ಷನ್‌ಗೆ ಬಂದವ್ರೆ, ಬಾತ್‌ರೂಮ್ ತೋರ್ಸಿ,” ಎಂದು ಗಂಭೀರವಾಗಿ ಹೇಳುತ್ತಿದ್ದ. ಮೂರು ಢಾಬಾದವರು ಹೆದರಿ ಬಾತ್‌ರೂಮು ತೊಳೆಸಿದ್ದರು.

ಆ ನಾಸಿರನ ಕಾಲನ್ನು ನಾಲ್ಕನೇ ದಿನ ಮೊಣಕಾಲಿನ ಕೆಳಗೆ ತೆಗೆದರು.

* * *

ಅವರೆಕಾಯಿಯ ಕಾಲ. ಕುಂದಾಣದ ಗೌಡರ ಹೊಸ ಮನೆಯ ಜಗಲಿಯ ಮೇಲೆ ವೇಣುಗೋಪಾಲನ ತಾಯಿ ಅಮ್ಮಯಮ್ಮ ಮೊರದ ತುಂಬ ಅವರೆಕಾಯಿ ಸುಲಿಯುತ್ತಿದ್ದಳು. ಗೇಟು ತೆಗೆದು ಕವಿತನೂ ನಾಸಿರನ ಹೆಂಡತಿ ಪರ್ವೀನಳೂ ಒಳಗೆ ಕಾಲಿಟ್ಟರು.

“ಅಲ್ಲೇ ನಿಂತ್ಕಳ್ರಮ್ಮ,” ಎಂದಳು ಅಮ್ಮಯಮ್ಮ. ಪರ್ವೀನ್ ಚಪ್ಪಲಿ ಬಿಡಲು ಬಗ್ಗಿದಳು. “ಬಿಟ್ರೂ ಅಲ್ಲೇ ನಿಂತ್ಕಳಿ.”

ಕಾಂಪೌಂಡ್ ಗೋಡೆಯ ಮೇಲೆ ಎರಡು ಪೇಪರ್ ಲೋಟದಲ್ಲಿ ಕಾಫಿ ಬಂತು. ಜಗಲಿಯಲ್ಲಿ ಕೂತಿದ್ದ ಯಾರೋ ಬ್ರೋಕರಿನ ಕೈಯಲ್ಲಿ ಸ್ಟೀಲ್ ಲೋಟ ಹೊಳೆಯುತ್ತಿತ್ತು.

“ನಾವಿಬ್ರೂ ಬೇರೆ ಬೇರೆ ಜನ ಅಮ್ಮ,” ಎಂದಳು ಕವಿತ. “ಆದ್ರೂ ಭೇದ ಮಾಡ್ದೆ ಇಬ್ರಿಗೂ ಪೇಪರ್ ಲೋಟಾನೇ ಕೊಟ್ರಿ. ದೊಡ್ಡ ಮನಸ್ಸು.”

ಅಮ್ಮಯಮ್ಮ ತಲೆ ಎತ್ತಿದಳು. “ನೀನು ಸಪ್ಪಲಿ ಮಗಳಲ್ವೇನೇ? ನಿಮ್ಮವ್ವ ಇದೇ ಜಾಗದಲ್ಲಿ ನಿಂತು ಕೂಲಿ ಇಸ್ಕೊಂಡೋಗ್ತಿದ್ಲು. ಇಪ್ಪತ್ತು ವರ್ಷದಲ್ಲಿ ಒಂದ್ ದಿನ ತಲೆ ಎತ್ತಿ ಮಾತಾಡ್ದೋಳಲ್ಲ.”

“ಅದ್ಕೇ ಅವಳಿಗೆ ಈಗ ಕತ್ತು ನೋವು ಅಮ್ಮ. ನಂಗೆ ಲಾರಿ ಕನ್ನಡಿ ನೋಡ್ಬೇಕು, ತಲೆ ಎತ್ತದೆ ಆಗಲ್ಲ.”

ಅಷ್ಟರಲ್ಲಿ ವೇಣುಗೋಪಾಲ ಲುಂಗಿಯ ತುದಿ ಎತ್ತಿ ಕಟ್ಟುತ್ತಾ ಹೊರಗೆ ಬಂದ. ಪರ್ವೀನ್ ಆಸ್ಪತ್ರೆಯ ಚೀಟಿಗಳಿದ್ದ ಪ್ಲಾಸ್ಟಿಕ್ ಕವರನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು.

“ಅಣ್ಣಾ, ನಾನು ನಾಸಿರ್ ಹೆಂಡ್ತಿ. ಆಪರೇಷನ್‌ಗೆ ಇದ್ದ ಒಡವೆ ಎಲ್ಲಾ ಅಡ ಇಟ್ವಿ. ಇನ್ನೂ ಎರಡು ಆಪರೇಷನ್ ಐತಂತೆ...”

“ನಾಸಿರಾ?” ವೇಣುಗೋಪಾಲ ಬ್ರೋಕರಿನ ಕಡೆ ತಿರುಗಿ, ಮತ್ತೆ ಇವಳ ಕಡೆ ತಿರುಗಿದ. “ಯಾವ ನಾಸಿರಮ್ಮ? ಯಾರ್ಡಿಗೆ ದಿನಾ ಐವತ್ತು ಜನ ಕೆಲ್ಸ ಕೇಳ್ಕೊಂಡು ಬರ್ತಾರೆ. ಯಾವನೋ ಲಾರಿ ಮೇಲೆ ಹತ್ತಿದ, ಬಿದ್ದ. ಹತ್ತು ಅಂತ ನಾನ್ ಹೇಳಿದ್ನಾ?”

ಪರ್ವೀನ್ ಕವರನ್ನು ಎದೆಗೆ ಅವಚಿಕೊಂಡಳು.

“ಹತ್ತು ತಿಂಗಳಿಂದ ನಿಮ್ ಲಾರಿ ಓಡ್ಸವ್ರೆ ಅಣ್ಣ,” ಎಂದಳು ಕವಿತ. “ಹೋದ ತಿಂಗಳು ನೀವೇ ಅವರನ್ನ ಹೊಸೂರಿಗೆ ಕಳ್ಸಿದ್ರಿ.”

“ಅಪಾಯಿಂಟ್‌ಮೆಂಟ್ ಲೆಟರ್ ಐತಾ? ಸಂಬಳದ ಚೀಟಿ ಐತಾ? ಬ್ಯಾಂಕಿಗೆ ದುಡ್ಡು ಹಾಕಿದೀನಾ?” ಅವನು ಒಂದೊಂದಕ್ಕೂ ಒಂದೊಂದು ಬೆರಳು ಮಡಚಿದ. “ಇಲ್ಲ. ಇಲ್ಲ ಅಂದ್ಮೇಲೆ ಅವ್ನು ನನ್ ಡ್ರೈವರ್ ಅಲ್ಲ. ಪಾಪ, ಬೇಜಾರಾಯ್ತದೆ. ತಗಳಮ್ಮ, ಮಕ್ಕಳಿಗೆ ಏನಾರ ತಗೊಂಡೋಗು.” ಜೇಬಿನಿಂದ ಐನೂರರ ನೋಟೊಂದನ್ನು ತೆಗೆದು ಕಾಂಪೌಂಡ್ ಗೋಡೆಯ ಮೇಲೆ, ಕಾಫಿ ಲೋಟದ ಪಕ್ಕ ಇಟ್ಟ. ಗಾಳಿಗೆ ಹಾರದಿರಲಿ ಎಂದು ಲೋಟವನ್ನು ಅದರ ಮೇಲೆ ಇಡಲೂ ಮರೆಯಲಿಲ್ಲ.

ಪರ್ವೀನ್ ಲೋಟವನ್ನು ಎತ್ತಿದಳು. ನೋಟು ಹಾರಿ ಚರಂಡಿಯ ಕಡೆ ಹೋಯಿತು. ಬ್ರೋಕರ್ ಎದ್ದು ಅದರ ಹಿಂದೆ ಓಡಿದ.

“ಹಂಗೇ ಕವಿತಾ,” ಎಂದ ವೇಣುಗೋಪಾಲ ಏನೂ ಆಗದವನಂತೆ. “ಸೋಮವಾರ ಯಾರ್ಡಲ್ಲಿ ರಸ್ತೆ ಸುರಕ್ಷತೆ ಕಾರ್ಯಕ್ರಮ ಐತೆ. ಆರ್‌ಟಿಓ ದೊಡ್ಡ ಸಾಹೇಬ್ರು ಬರ್ತಾರೆ. ನಿಂಗೇ ಸನ್ಮಾನ. ಲೇಡಿ ಡ್ರೈವರ್ ಅಂತ ಪೇಪರ್‌ನೋರೂ ಬರ್ತಾರೆ. ಆ ಖಾಕಿ ಅಂಗಿ ಬಿಟ್ಟು ಒಳ್ಳೆ ಸೀರೆ ಉಟ್ಕಂಬಾ. ಗಾಡಿ ತಕ್ಕೊಂಡು ಗೇಟಿಂದ ಹೊರಗ್ ಹೋಗ್ಬೇಕು, ಸಾಹೇಬ್ರು ಬಾವುಟ ತೋರಿಸ್ತಾರೆ. ಅಷ್ಟೇ.”

“ನನ್ನ ಲೈಸೆನ್ಸು ಕೊಡಿ ಅಣ್ಣ, ಅವತ್ತೊಂದಿನ.”

“ಸನ್ಮಾನಕ್ಕೆ ಲೈಸೆನ್ಸ್ ಯಾಕೆ? ಶಾಲು ಹಾಕೋದು ಹೆಗಲಿಗೆ,” ಎಂದು ಅವನು ನಕ್ಕ.

* * *

ದೊಡ್ಡಬಳ್ಳಾಪುರದ ಎರಡು ಕೋಣೆಯ ಮನೆಯಲ್ಲಿ ನಾಸಿರ್ ಮಂಚದ ಮೇಲೆ ಕೂತಿದ್ದ. ಅರ್ಧ ಕಾಲಿಗೆ ಬಿಳಿ ಬಟ್ಟೆ ಸುತ್ತಿತ್ತು. ಮುಖ ಇಳಿದಿತ್ತು, ಬಾಯಿ ಮಾತ್ರ ಹಾಗೇ ಇತ್ತು.

“ಹೋಗಿದ್ದು ಕ್ಲಚ್ ಕಾಲು ಕಣಮ್ಮ. ಬ್ರೇಕು, ಆಕ್ಸಿಲರೇಟರು ಎರಡೂ ಭದ್ರವಾಗವೆ. ಆಟೋಮ್ಯಾಟಿಕ್ ಲಾರಿ ಬಂದ್ರೆ ನಾನೇ ಫಸ್ಟು.”

ಕವಿತನಿಗೆ ನಗು ಬರಲಿಲ್ಲ. ನಾಸಿರನೂ ನಗಲಿಲ್ಲ. ಪರ್ವೀನ್ ಒಳಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು.

ಕಾರ್ಮಿಕರ ಕೇಸು ನಡೆಸುವ ಲಾಯರ್ ಪ್ರಮೋದಾ ಮೇಡಂ ಹಿಂದಿನ ದಿನ ಬಂದು ಹೋಗಿದ್ದರಂತೆ. ಕೆಲಸದ ಜಾಗದಲ್ಲಿ ಕಾಲು ಹೋದರೆ ಪರಿಹಾರ ಕೊಡಲೇಬೇಕು. ಆದರೆ ಅವನು ಅಲ್ಲಿ ಕೆಲಸಕ್ಕಿದ್ದ ಎನ್ನುವುದಕ್ಕೆ ಏನಾದರೂ ಬೇಕು. ಒಂದು ಕಾಗದ, ಒಂದು ಸಹಿ, ಏನಾದರೂ.

“ಏನೂ ಇಲ್ಲಮ್ಮ,” ಎಂದ ನಾಸಿರ್. “ಸಂಬಳ ಕೈಗೆ. ಹಾಜರಿ ಬಾಯಿಗೆ. ಸಾಕ್ಷಿ ಹೇಳ್ರೋ ಅಂದ್ರೆ ಹೈದರ್ ಅಳ್ತಾನೆ, ಅವ್ನ ಲೈಸೆನ್ಸೂ ಅಲ್ಲೇ ಐತೆ. ಆ ಬೋಳಿಮಗ ನಮ್ಮನ್ನೆಲ್ಲಾ ಬೀರು ಒಳಗೆ ಕೂಡಾಕವ್ನೆ.”

ಕವಿತ ಅವನನ್ನೇ ನೋಡಿದಳು.

“ನಿಮ್ಮ ಲೈಸೆನ್ಸೂ ಅಲ್ಲೇ ಐತಲ್ಲಾ ನಾಸಿರಣ್ಣ?”

“ಐತೆ. ಯಾಕೆ?”

“ಯಾರೋ ಗೊತ್ತಿಲ್ದೋನ ಲೈಸೆನ್ಸು ಅವ್ನ ಬೀರುನಲ್ಲಿ ಯಾಕಿರ್ತದೆ?”

ನಾಸಿರ್ ಮಂಚದ ಮೇಲೆ ನೆಟ್ಟಗೆ ಕೂತ. ಆಮೇಲೆ ಹೇಳಿದ, “ಮಾ ಕಸಂ, ನಿನ್ನ ತಲೆಯೊಳಗೆ ಟರ್ಬೋ ಐತೆ.”

ಭಾನುವಾರ ಕವಿತ ಹೊಸಕೋಟೆಗೆ ಹೋಗಿ ಹೈದರನನ್ನು ಕಂಡಳು. “ನೀನು ಮಾತಾಡೋದು ಬೇಡ. ನಾನು ಇಂಜಿನ್ ಆಫ್ ಮಾಡಿದಾಗ ನೀನೂ ಆಫ್ ಮಾಡು. ಆಮೇಲೆ ಫೋನಲ್ಲಿ ವಿಡಿಯೋ ತೆಗೀತಾ ನಿಂತ್ಕೋ. ಅಷ್ಟಾಗ್ತದಾ?” ಹೈದರ್ ಮಗುವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದ. “ಕೆಲ್ಸ ಹೋಗ್ತದೆ ಅಕ್ಕ,” ಎಂದ. “ಹೋಗ್ಲಿ ಬಿಡೋ,” ಎಂದಳು, “ಹೋದ್ರೆ ಇನ್ನೊಂದ್ ಕಡೆ ಮೊದಲನೇ ವರ್ಷ. ಇಲ್ಲಿದ್ರೂ ಮೊದಲನೇ ವರ್ಷ.”

* * *

ಸೋಮವಾರ ಯಾರ್ಡು ಮದುವೆ ಛತ್ರದಂತಾಗಿತ್ತು. ಶಾಮಿಯಾನ, ಕೆಂಪು ಕಾರ್ಪೆಟ್ಟು, ಲಾರಿಗಳಿಗೆ ಚೆಂಡುಹೂವಿನ ಹಾರ. ಎತ್ತರದ ಫ್ಲೆಕ್ಸಿನಲ್ಲಿ ವೇಣುಗೋಪಾಲ ಕೈಮುಗಿದಿದ್ದ, ಅವನ ಕಂಕುಳಿನ ಹತ್ತಿರ ಅಂಚೆಚೀಟಿಯಷ್ಟು ಕವಿತ. ಅವಳು ಸೀರೆ ಉಟ್ಟಿರಲಿಲ್ಲ. ಚೂಡಿದಾರದ ಮೇಲೆ ಖಾಕಿ ಅಂಗಿ, ಕಾಲಿಗೆ ಶೂ.

“ಸೀರೆ ಎಲ್ಲೇ?” ಎಂದು ಹಲ್ಲು ಕಚ್ಚಿದ ವೇಣುಗೋಪಾಲ.

“ಕ್ಲಚ್ಚಿಗೆ ಸಿಗಾಕ್ಕೊಂಡ್ರೆ ಸಾಹೇಬ್ರ ಮೇಲೇ ಹತ್ತಿಸ್ಬಿಡ್ತೀನಿ ಅಣ್ಣ. ಸುರಕ್ಷತೆ ಅಲ್ವಾ?”

ಸರ್ಕಾರಿ ಜೀಪಿನಲ್ಲಿ ಬಂದ ಸಾಹೇಬರು ಮುಕ್ಕಾಲು ಗಂಟೆ ಮಾತಾಡಿದರು. ಲೈಸೆನ್ಸ್ ಇಲ್ಲದೆ ವಾಹನ ಓಡಿಸುವುದು ಕೊಲೆಗೆ ಸಮ ಎಂದರು. ಹಾಗೆ ಓಡಿಸುವವನಿಗಿಂತ ಓಡಿಸಲು ಕೊಡುವ ಮಾಲೀಕ ದೊಡ್ಡ ಅಪರಾಧಿ ಎಂದರು. ವೇಣುಗೋಪಾಲ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಕವಿತನಿಗೆ ಶಾಲು, ಹಣ್ಣಿನ ಬುಟ್ಟಿ ಬಂದವು. ಆಮೇಲೆ ಅವಳು ಲಾರಿ ಹತ್ತಿದಳು. ಸಾಹೇಬರು ಹಸಿರು ಬಾವುಟ ಬೀಸಿದರು. ಹಿಂದೆ ಹೈದರನ ಲಾರಿ, ಅದರ ಹಿಂದೆ ಇನ್ನೂ ಮೂರು.

ಲಾರಿ ನಿಧಾನವಾಗಿ ಗೇಟಿನವರೆಗೆ ಬಂತು. ಅರ್ಧ ಹೊರಗೆ, ಅರ್ಧ ಒಳಗೆ ಇರುವಾಗ ಕವಿತ ಬ್ರೇಕು ಹಾಕಿ ಇಂಜಿನ್ ಆಫ್ ಮಾಡಿ, ಬೀಗದಕೈ ತೆಗೆದುಕೊಂಡು ಕೆಳಗಿಳಿದಳು. ಹಿಂದೆ ಹೈದರನ ಇಂಜಿನ್ನೂ ನಿಂತಿತು.

“ಏನಾಯ್ತಮ್ಮ?” ಎಂದರು ಸಾಹೇಬರು.

“ನಿಮ್ ಭಾಷಣ ಕೇಳಿ ಭಯ ಆಯ್ತು ಸಾರ್. ನನ್ನ ಹತ್ರ ಲೈಸೆನ್ಸ್ ಇಲ್ಲ. ಗೇಟ್ ಆಚೆ ಸರ್ಕಾರದ ರಸ್ತೆ. ಕೊಲೆ ಮಾಡೋಕೆ ನಂಗಿಷ್ಟ ಇಲ್ಲ.”

ಪೇಪರಿನವರ ಕ್ಯಾಮೆರಾಗಳು ತಿರುಗಿದವು. ಸಾಹೇಬರು ಬಾವುಟ ಮಡಚಿದರು. “ಮೊಬೈಲಲ್ಲಿ ಇದ್ರೂ ಸಾಕಮ್ಮ, ತೋರ್ಸು.”

“ಡಿಸ್‌ಪ್ಲೇ ಒಡೆದೋಗೈತೆ ಸಾರ್.”

“ನಂದು ಚಾರ್ಜಿಲ್ಲ ಸಾರ್,” ಎಂದ ಹೈದರನ ಹಿಂದಿನ ಲಾರಿಯವನು ಕಿಟಕಿಯಿಂದ ತಲೆ ಹಾಕಿ. ಅವನನ್ನು ಕವಿತ ಕೇಳಿಕೊಂಡಿರಲೇ ಇಲ್ಲ. “ನಂದು ಕರೆನ್ಸಿ ಇಲ್ಲ ಸಾರ್,” ಎಂದ ಇನ್ನೊಬ್ಬ. ಹೈದರ್ ಮಾತ್ರ ಪೂರ್ತಿ ಚಾರ್ಜಿದ್ದ ಫೋನು ಹಿಡಿದು ವಿಡಿಯೋ ತೆಗೆಯುತ್ತಿದ್ದ.

“ಮನೇಲಿಟ್ಟು ಬಂದವ್ಳೆ ಸಾರ್, ಹೆಣ್ಮಕ್ಕಳು ಮರೀತಾರೆ,” ಎಂದು ವೇಣುಗೋಪಾಲ ನಗಲು ನೋಡಿದ. ಪಕ್ಕಕ್ಕೆ ಬಂದು ಪಿಸುಗುಟ್ಟಿದ, “ತೆಗೀಯೇ ಗಾಡೀನ, ಲೌಡಿ. ಮನೆ ಹಾಳ್ಮಾಡ್ತೀನಿ ನಿಂದು.”

“ಲೈಸೆನ್ಸು ಬೀರುನಲ್ಲಿ ಐತೆ ಸಾರ್,” ಎಂದಳು ಕವಿತ, ಎಲ್ಲರಿಗೂ ಕೇಳುವಂತೆ. “ಆಫೀಸ್ ರೂಮು, ಮೇಲಿನ ಅರೆ, ಬಿಸ್ಕತ್ ಡಬ್ಬೀಲಿ. ಬೀಗದಕೈ ಅಣ್ಣನ ಉಡಿದಾರದಲ್ಲೈತೆ. ನಾನ್ ತೆಗೆಯೋಕಾಗಲ್ಲ, ಮರ್ಯಾದೆ ಪ್ರಶ್ನೆ.”

ಶಾಮಿಯಾನದ ಹಿಂದೆ ಹಮಾಲಿಗಳು ಗೊಳ್ಳೆಂದು ನಕ್ಕರು. ರಸ್ತೆಯ ಕಡೆ ಆಗಲೇ ಲಾರಿಗಳು ಸಾಲುಗಟ್ಟಿ ಹಾರನ್ ಹೊಡೆಯುತ್ತಿದ್ದವು. ಸಾಹೇಬರಿಗೆ ಮಧ್ಯಾಹ್ನ ಇನ್ನೊಂದು ಉದ್ಘಾಟನೆ ಇತ್ತು, ಅವರ ಜೀಪು ಒಳಗೆ ಸಿಕ್ಕಿಕೊಂಡಿತ್ತು. “ತರ್ಸ್ರೀ ಮೊದ್ಲು!” ಎಂದು ರೇಗಿದರು.

ವೇಣುಗೋಪಾಲ ಪಂಚೆಯ ಸೊಂಟಕ್ಕೆ ಕೈ ಹಾಕಲೇಬೇಕಾಯಿತು. ಬಿಸ್ಕತ್ ಡಬ್ಬಿ ಬಂತು. ಕವಿತನದೊಂದನ್ನು ಅವನು ಆರಿಸಿ ತೆಗೆಯುವ ಮೊದಲೇ ಸಾಹೇಬರು ಡಬ್ಬಿಯನ್ನು ಕಿತ್ತುಕೊಂಡರು. ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡುಗಳ ಕಂತೆ. ಕ್ಯಾಮೆರಾ ನೋಡುತ್ತಿದ್ದುದರಿಂದಲೋ ಏನೋ, ಸ್ಕೂಲ್ ಮೇಷ್ಟರ ಹಾಗೆ ಅವರೇ ಒಂದೊಂದಾಗಿ ಹೆಸರು ಓದತೊಡಗಿದರು. ಮೊದಲು ಕವಿತ, ಆಮೇಲೆ ಉಳಿದ ಡ್ರೈವರುಗಳು ಲಾರಿಯಿಂದ ಇಳಿದು ಬಂದು ತಮ್ಮ ತಮ್ಮ ಕಾರ್ಡು ತೆಗೆದುಕೊಂಡರು. ಮೂರು ವರ್ಷದ ಹಿಂದಿನ ತನ್ನ ಫೋಟೋ ನೋಡಿ ಹೈದರ್, “ಎಷ್ಟು ತೆಳ್ಳಗಿದ್ನಪ್ಪಾ,” ಎಂದ. ಹಿರಿಯ ಡ್ರೈವರ್ ದೊಡ್ಡಬೀರಪ್ಪ ಮಾತ್ರ ತನ್ನದನ್ನು ತೆಗೆದುಕೊಂಡವನೇ ತಿರುಗಿ ಮಾಲೀಕನ ಕೈಗೇ ಕೊಟ್ಟು ತಲೆ ತಗ್ಗಿಸಿ ನಿಂತ. ಅವನಿಗೆ ಇಬ್ಬರು ಹೆಣ್ಣುಮಕ್ಕಳ ಮದುವೆ ಬಾಕಿ ಇತ್ತು.

“ನಾಸಿರ್ ಅಹಮದ್,” ಎಂದು ಓದಿದರು ಸಾಹೇಬರು. “ದೊಡ್ಡಬಳ್ಳಾಪುರ.”

ಯಾರೂ ಬರಲಿಲ್ಲ.

“ನಾಸಿರ್ ಅಹಮದ್ ಯಾರ್ರೀ? ನಿಮ್ ಡ್ರೈವರ್ರಾ ಇವ್ನು?”

ವೇಣುಗೋಪಾಲ ಕಾರ್ಡಿನ ಕಡೆ ಕೈ ಚಾಚಿದ. ಅವನಿಗಿಂತ ಮೊದಲು ಕವಿತ ಬಾಯಿ ತೆರೆದಳು.

“ಹೇಳಿ ಅಣ್ಣ. ಅಲ್ಲ ಅನ್ನಿ. ಯಾರೋ ದಾರೀಲ್ ಹೋಗೋನು ನಿಮ್ ಬೀರು ಒಳಗೆ ಬಂದು ಕೂತವ್ನೆ ಅನ್ನಿ.”

“ಹೂಂ ಸಾರ್, ನಮ್ಮೋನೇ... ರಜೆ ಮೇಲವ್ನೆ,” ಎಂದ ವೇಣುಗೋಪಾಲ.

ಹೈದರನ ಫೋನಿನಲ್ಲಿ ಆ ಮಾತು ಸ್ಪಷ್ಟವಾಗಿ ದಾಖಲಾಯಿತು. ಕವಿತ ಸಾಹೇಬರ ಬೆರಳ ಸಂದಿನಿಂದ ಕಾರ್ಡನ್ನು ಎಳೆದುಕೊಂಡಳು. “ನಾನು ತಲುಪಿಸ್ತೀನಿ ಸಾರ್. ರಜೇಲಿ ಕಾಲು ಕಳ್ಕೊಂಡವ್ನೆ, ಬರೋಕಾಗಲ್ಲ.” ಲಾರಿಯ ಬೀಗದಕೈಯನ್ನೂ ಶಾಲನ್ನೂ ವೇಣುಗೋಪಾಲನ ಕೈಗೆ ಇಟ್ಟಳು. “ನಂಗಿನ್ನೂ ಕೈ ಕುದುರಿಲ್ಲ ಅಂತ ನೀವೇ ಅಂದಿದ್ರಿ. ಗಾಡಿ ನೀವೇ ತೆಗೀರಿ.”

ಅವನಿಗೆ ಲಾರಿ ಓಡಿಸಲು ಬರುತ್ತಿರಲಿಲ್ಲ. ಅವಳು ಬಂಪರಿಗೂ ಗೇಟಿನ ಕಂಬಕ್ಕೂ ನಡುವೆ ಉಸಿರು ಬಿಗಿಹಿಡಿದು ನುಸುಳಿ ಹೊರಗೆ ಹೋದಳು. ಹಣ್ಣಿನ ಬುಟ್ಟಿಯನ್ನು ಬಿಡಲಿಲ್ಲ.

* * *

ದೊಡ್ಡಬಳ್ಳಾಪುರದ ಮನೆಗೆ ಅವಳು ತಲುಪಿದಾಗ, ಗೇಟಿನ ಲಾರಿಯನ್ನು ಯಾವ ಡ್ರೈವರೂ ಮುಟ್ಟುತ್ತಿಲ್ಲ ಎಂಬ ಸುದ್ದಿಯ ಜೊತೆ ಹೈದರನ ವಿಡಿಯೋ ಆಗಲೇ ಬಂದಿತ್ತು. ನಾಸಿರ್ ಅದನ್ನು ನಾಲ್ಕು ಸಲ ನೋಡಿದ್ದ. ಪರ್ವೀನ್ ಪ್ರಮೋದಾ ಮೇಡಮ್ಮಿಗೆ ಕಳಿಸಿದ್ದಳು. ಕೇಸು ಹಾಕಬಹುದು, ಆದರೆ ತೀರ್ಪಿಗೆ ಒಂದು ವರ್ಷವೋ ಎರಡು ವರ್ಷವೋ ಎಂದು ಮೇಡಂ ಹೇಳಿದ್ದರು. ಉಳಿದ ಎರಡು ಆಪರೇಷನ್ನು ಅಲ್ಲಿಯವರೆಗೆ ಕಾಯುವಂತಿರಲಿಲ್ಲ. ಪರ್ವೀನ್ ಬುಟ್ಟಿಯಿಂದ ಸೇಬು ತೆಗೆದು ಹೆಚ್ಚಿ ತಟ್ಟೆಗೆ ಹಾಕಿದಳು.

ನಾಸಿರ್ ಕಾರ್ಡನ್ನು ಅತ್ತ ಇತ್ತ ತಿರುಗಿಸಿ, ಹೆಬ್ಬೆರಳಿನಿಂದ ಒರೆಸಿ, ದಿಂಬಿನ ಮೇಲೆ ಇಟ್ಟುಕೊಂಡ.

ಆಗ ಅವನ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ವೇಣುಗೋಪಾಲನ ಹೆಸರು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಸಿರ್ ಸ್ಪೀಕರ್ ಹಾಕಿದ.

“ಲೇ ನಾಸಿರಾ! ಆ ಕಾಲೋನಿ ಮುಂಡೆ ಅಲ್ಲಿಗ್ ಬಂದವ್ಳೇನೋ? ಕಾರ್ಡ್ ಕದ್ಕೊಂಡೋಗವ್ಳೆ ಅಂತ ಕಂಪ್ಲೇಂಟ್ ಕೊಡ್ತೀನಿ ಅಂತ ಹೇಳು!”

ಕವಿತ ಫೋನಿನ ಕಡೆ ಬಗ್ಗಿದಳು. “ಕೊಡಿ ಅಣ್ಣ. ಏನ್ ಕಳುವಾಯ್ತು ಅಂತ ಬರೆಸ್ತೀರಾ? ನಮ್ ಡ್ರೈವರ್ ನಾಸಿರಂದು ಲೈಸೆನ್ಸು ಅಂತಾನೇ ಬರೆಸಿ. ಸಹೀನೂ ಹಾಕಿ.”

ಆ ಕಡೆ ಮಾತು ನಿಂತಿತು. ಫೋನು ಕಟ್ಟಾಗಿರಲಿಲ್ಲ. ಗೇಟಿನ ಹತ್ತಿರ ಹಾರನ್‌ಗಳ ಗದ್ದಲ, ಯಾರೋ ಗೇರು ತಿಕ್ಕಿ ತಿಕ್ಕಿ ಹಾಕುತ್ತಿರುವ ಕರ್ಕಶ ಸದ್ದು, “ರಿವರ್ಸ್ ಅಲ್ಲ ಸಾರ್, ಅದು ಮೂರನೇದು!” ಎಂಬ ಅಪ್ಪಯ್ಯಣ್ಣನ ಕೂಗು ಎಲ್ಲ ಕೇಳಿಸುತ್ತಿತ್ತು.

ನಾಸಿರ್ ಒಂದು ಹೋಳು ಸೇಬು ಬಾಯಿಗೆ ಹಾಕಿಕೊಂಡು, ಫೋನನ್ನು ಬಾಯಿಯ ಹತ್ತಿರ ತಂದುಕೊಂಡ.

“ಸ್ವಲ್ಪ ಜೋರಾಗಿ ಮಾತಾಡಣ್ಣ,” ಎಂದ. “ರೆಕಾರ್ಡ್ ಆಗ್ತಾ ಐತೆ.”